ಪದೇ ಪದೇ ನಿಲ್ಲುವ ವೈಫೈ ಪೆಟ್ಟಿಗೆ: ಕಾರಣ ಹುಡುಕುವ ಬಗೆ



ಇಂದು ಒಕ್ಕಲುತನದ ಅರ್ಧ ಕಾಗದಪತ್ರ ಮೊಬೈಲಿಗೆ ಬಂದಿದೆ. ಪಹಣಿ ನೋಡುವದು, ಬೆಳೆ ಸಮೀಕ್ಷೆಗೆ ಹೊಲದ ಚಿತ್ರ ಕಳಿಸುವದು, ಬೆಳೆ ವಿಮೆ ತುಂಬುವದು, ಕಿಸಾನ್ ಸಮ್ಮಾನದ ಇ-ಕೆವೈಸಿ ಮುಗಿಸುವದು, ಉಳ್ಳಾಗಡ್ಡಿ, ಶೇಂಗಾ, ಹೆಸರಿನ ಧಾರಣೆ ಕೇಳುವದು, ಮಕ್ಕಳ ಅಭ್ಯಾಸ, ಇವೆಲ್ಲಕ್ಕೂ ಇಂಟರ್‌ನೆಟ್ ಬೇಕು. ಅದಕ್ಕಾಗಿ ಕಣಗಿನಹಾಳದಂಥ ಊರುಗಳಲ್ಲಿಯೂ ಮನೆಯ ಗೋಡೆಗೆ ವೈಫೈ ಪೆಟ್ಟಿಗೆ ಬಂದಿದೆ. ಇದಕ್ಕೆ ರೂಟರು ಎಂದೂ ಹೆಸರು.

ಹೊಸದರಲ್ಲಿ ಈ ಪೆಟ್ಟಿಗೆ ಚೆನ್ನಾಗಿ ನಡೆಯುವದು. ದಿನ ಕಳೆದಂತೆ ಕೆಲವು ಮನೆಗಳಲ್ಲಿ ಆಗಾಗ ನಿಲ್ಲತೊಡಗುವದು. ಮನೆಯವರು ಸ್ವಿಚ್ಚು ತೆಗೆದು ಹಾಕುವರು, ಸರಿಹೋಗುವದು. "ಬಂದ್ ಮಾಡಿ ಚಾಲೂ ಮಾಡಿದ್ರ ಹೊಳ್ಳಿ ಬರತೈತಿ ಬಿಡ್ರಿ" ಎಂದು ಸುಮ್ಮನಾಗುವರು. ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆ ಆಗುವದು, ದಿನಕ್ಕೊಮ್ಮೆ ಇದ್ದದ್ದು ತಾಸಿಗೊಮ್ಮೆ ಆಗುವದು. ವಿಮೆ ತುಂಬುವ ಕೊನೆಯ ದಿನವೇ ಹೀಗಾದರೆ ಒಂದು ಹಂಗಾಮಿನ ರಕ್ಷಣೆ ಕೈತಪ್ಪಿ ಹೋಗಬಹುದು. ಆದಕಾರಣ ಬಂದ್ ಮಾಡಿ ಚಾಲೂ ಮಾಡುವದರಲ್ಲಿಯೇ ತೃಪ್ತರಾಗದೆ, ನಿಲ್ಲುವ ಕಾರಣವನ್ನು ಹುಡುಕುವದು ಹೇಗೆಂಬದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ. ಇದಕ್ಕೆ ಬೇಕಾದದ್ದು ಒಂದು ವಹಿ, ಒಂದು ಪೆನ್ನು, ಸ್ವಲ್ಪ ತಾಳ್ಮೆ.

ಪೆಟ್ಟಿಗೆ ಮಾಡುವ ಕೆಲಸ

ಪೆಟ್ಟಿಗೆಗೆ ಎರಡು ಕೆಲಸಗಳು. ಮೊದಲನೆಯದು ಸುದ್ದಿ ಸಾಗಿಸುವದು. ಕಂಬದಿಂದ ಮನೆಗೆ ಬಂದ ಕರಿಯ ತಂತಿಯೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರುವದು. ಇದೇ ಫೈಬರ್. ಅದರಲ್ಲಿ ಸುದ್ದಿ ಬೆಳಕಿನ ರೂಪದಲ್ಲಿ ಬರುವದು. ಪೆಟ್ಟಿಗೆಯು ಆ ಬೆಳಕನ್ನು ರೇಡಿಯೋ ಅಲೆಯಾಗಿ ಮಾರ್ಪಡಿಸಿ ಮನೆಯೊಳಗೆ ಬಿಡುವದು. ಮೊಬೈಲು ಆ ಅಲೆಯನ್ನು ಹಿಡಿಯುವದು.

ಎರಡನೆಯದು ಲೆಕ್ಕ ಇಡುವ ಕೆಲಸ. ಲೆಕ್ಕದ ವಹಿ ಎಂದರೇನೆಂದು ಕಣಗಿನಹಾಳದವರಿಗೆ ಹೇಳಬೇಕಾಗಿಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಈ ಊರಿನಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಯಾರು ಎಷ್ಟು ಕೇಳಿದರು, ಯಾರಿಗೆ ಎಷ್ಟು ಸಂದಿತು ಎಂದು ಸಂಘದಲ್ಲಿ ಬರೆದಿಡುವಂತೆಯೇ ವೈಫೈ ಪೆಟ್ಟಿಗೆಯೂ ಬರೆದಿಡುವದು. ಮನೆಯಲ್ಲಿ ಹತ್ತು ಮೊಬೈಲುಗಳಿದ್ದರೂ ಹೊರಗಿನ ತಂತಿ ಒಂದೇ. ಯಾವ ಮೊಬೈಲು ಏನು ಕೇಳಿತು, ಬಂದ ಉತ್ತರ ಯಾವದಕ್ಕೆ ಮುಟ್ಟಬೇಕು ಎಂಬದನ್ನು ಅದು ನೆನಪಿನಲ್ಲಿ ಗುರುತಿಸಿಕೊಳ್ಳಬೇಕು.

ಬಂದ್ ಮಾಡಿ ಚಾಲೂ ಮಾಡಿದರೆ ಏಕೆ ಸರಿಹೋಗುವದು?

ಪೆಟ್ಟಿಗೆಯ ವಹಿಗೆ ಹಾಳೆಗಳು ಕಡಿಮೆ. ಮುಗಿದ ಲೆಕ್ಕವನ್ನು ಅದು ಅಳಿಸುತ್ತ ಹೋಗಬೇಕು. ಒಳಗಿನ ತಂತ್ರಾಂಶದಲ್ಲಿ ದೋಷವಿದ್ದರೆ ಹಳೆಯ ಲೆಕ್ಕ ಅಳಿಯದೆ ಉಳಿಯುವದು, ಹಾಳೆಗಳು ತುಂಬುವವು, ಹೊಸ ಬೇಡಿಕೆಗೆ ಜಾಗವಿಲ್ಲದಂತಾಗುವದು. ಕರೆಂಟು ತೆಗೆದೊಡನೆ ಆ ವಹಿ ಪೂರ್ತಿ ಅಳಿಯುವದು. ಇದಲ್ಲದೆ, ಬಿಸಿಯಾಗಿ ನಿಂತಿದ್ದರೆ ಆ ಹೊತ್ತಿನಲ್ಲಿ ಸ್ವಲ್ಪ ತಣ್ಣಗಾಗುವದು. ಹೊರಗಿನ ಕೇಂದ್ರದೊಡನೆ ಸಂಬಂಧ ತಪ್ಪಿದ್ದರೆ ಹೊಸದಾಗಿ ಕೂಡುವದು. ಕಾರಣ ಇವುಗಳಲ್ಲಿ ಯಾವದೇ ಇರಲಿ, ಸ್ವಿಚ್ಚು ತೆಗೆದು ಹಾಕಿದರೆ ಕೆಲಹೊತ್ತು ನಡೆಯುವದು. ಆದುದರಿಂದಲೇ, ಸರಿಹೋಯಿತು ಎಂಬ ಮಾತ್ರಕ್ಕೆ ಕಾರಣ ತಿಳಿದಂತಾಗುವದಿಲ್ಲ.

ಶೇಂಗಾ ಬೆಳೆ ಹಳದಿಯಾದೊಡನೆ ಯೂರಿಯಾ ಎರಚುವವರಿದ್ದಾರೆ. ತಿಳಿದ ಒಕ್ಕಲಿಗ ಮೊದಲು ಎಲೆ ನೋಡುವನು. ಕೆಳಗಿನ ಹಳೆಯ ಎಲೆಗಳು ಹಳದಿಯಾಗಿದ್ದರೆ ಸಾರಜನಕದ ಕೊರತೆ ಇರಬಹುದು. ತುದಿಯ ಎಳೆಯ ಎಲೆಗಳಲ್ಲಿ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ, ಸುಣ್ಣದಂಶ ಹೆಚ್ಚಿರುವ ನೆಲದಲ್ಲಿ ಅದು ಕಬ್ಬಿಣದ ಕೊರತೆ. ಬಣ್ಣ ಒಂದೇ ಆದರೂ ಕಾರಣ ಬೇರೆ, ಉಪಚಾರ ಬೇರೆ. "ನೆಟ್ ಇಲ್ಲ" ಎಂಬದೂ ಆ ಹಳದಿ ಬಣ್ಣದಂತೆಯೇ. ಅದರ ಹಿಂದಿನ ಗುರುತುಗಳನ್ನು ನೋಡಬೇಕು.

ಮೊದಲ ಹೆಜ್ಜೆ: ಸ್ವಿಚ್ಚು ಮುಟ್ಟುವ ಮುನ್ನ ದೀಪ ನೋಡಿರಿ

ಪೆಟ್ಟಿಗೆಯ ಮುಂಭಾಗದಲ್ಲಿ ಸಣ್ಣ ದೀಪಗಳ ಸಾಲು ಇರುವದು. ಸ್ವಿಚ್ಚು ತೆಗೆದರೆ ಈ ಸಾಕ್ಷಿ ಅಳಿಸಿಹೋಗುವದು. ಆದ್ದರಿಂದ ಮೊದಲು ದೀಪಗಳನ್ನು ನೋಡಿ ಬರೆದುಕೊಳ್ಳಿರಿ. ಫೈಬರ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಹೀಗಿರುವದು:

1. ಒಂದು ದೀಪವೂ ಹತ್ತಿಲ್ಲ. ಕರೆಂಟು, ಪ್ಲಗ್ಗು ಇಲ್ಲವೆ ಅಡಾಪ್ಟರಿನ ದೋಷ.

2. ಎಲ್ಲ ದೀಪಗಳೂ ತಾವಾಗಿಯೇ ಆರಿ ಮತ್ತೆ ಹತ್ತುತ್ತಿವೆ. ಪೆಟ್ಟಿಗೆ ತಾನೇ ನಿಂತು ತಾನೇ ಚಾಲೂ ಆಗುತ್ತಿದೆ. ಅಡಾಪ್ಟರು ಸೋತಿರಬಹುದು, ಇಲ್ಲವೆ ಪೆಟ್ಟಿಗೆ ಬಹಳ ಬಿಸಿಯಾಗಿರಬಹುದು.

3. ಎಲ್.ಓ.ಎಸ್. ಎಂಬ ದೀಪ ಕೆಂಪಗೆ ಹತ್ತಿದೆ. ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ತಂತಿ ಕಡಿದಿರಬೇಕು, ಮಡಚಿರಬೇಕು ಅಥವಾ ಕೇಂದ್ರದಲ್ಲಿ ದೋಷವಿರಬೇಕು. ನೂರು ಸಲ ಬಂದ್ ಮಾಡಿ ಚಾಲೂ ಮಾಡಿದರೂ ಕಡಿದ ತಂತಿ ಕೂಡಲಾರದು.

4. ಪಿ.ಓ.ಎನ್. ಎಂಬ ದೀಪ ಬಹಳ ಹೊತ್ತು ಮಿಣುಕುತ್ತಲೇ ಇದೆ. ಕೇಂದ್ರದೊಡನೆ ಸಂಬಂಧ ಕೂಡುತ್ತಿಲ್ಲ.

5. ಪಿ.ಓ.ಎನ್. ದೀಪ ಸ್ಥಿರವಾಗಿದೆ, ಆದರೆ ಇಂಟರ್‌ನೆಟ್ ದೀಪ ಇಲ್ಲ ಅಥವಾ ಕೆಂಪಾಗಿದೆ. ತಂತಿ ಸರಿಯಿದೆ. ತುಂಬಿದ ಹಣದ ಅವಧಿ ಮುಗಿದಿದೆಯೋ ನೋಡಿರಿ. ಇಲ್ಲವಾದರೆ ದೋಷ ಕಂಪನಿಯ ಕಡೆಗಿದೆ.

6. ಎಲ್ಲ ದೀಪಗಳೂ ಸರಿಯಾಗಿವೆ, ಆದರೂ ಮೊಬೈಲಿನಲ್ಲಿ ಏನೂ ಬರುವದಿಲ್ಲ. ಆಗ ಇನ್ನೊಂದು ಪರೀಕ್ಷೆ ಬೇಕು.

ಆ ಪರೀಕ್ಷೆ ಸುಲಭವಾದದ್ದು. ಮೊಬೈಲಿನ ಸಿಮ್ ಡೇಟಾ ಬಂದ್ ಮಾಡಿ, ವೈಫೈ ಇಟ್ಟುಕೊಂಡು, ಪೆಟ್ಟಿಗೆಯಿಂದ ಎರಡು ಹೆಜ್ಜೆಯೊಳಗೆ ನಿಲ್ಲಿರಿ. ಅಲ್ಲಿ ಬಂದರೆ, ದೋಷ ಗೋಡೆಯದು ಮತ್ತು ದೂರದ್ದು. ಅಲ್ಲಿಯೂ ಬರದಿದ್ದರೆ ಇನ್ನೊಂದು ಮೊಬೈಲು ನೋಡಿರಿ. ಅದರಲ್ಲಿ ಬಂದರೆ ದೋಷ ಮೊದಲಿನ ಮೊಬೈಲಿನದು. ಎರಡರಲ್ಲಿಯೂ ಬರದಿದ್ದರೆ ಪೆಟ್ಟಿಗೆಯ ತಳದ ಚೀಟಿಯಲ್ಲಿರುವ ವಿಳಾಸವನ್ನು (ಬಹಳ ಪೆಟ್ಟಿಗೆಗಳಲ್ಲಿ 192.168.1.1) ಬ್ರೌಸರಿನಲ್ಲಿ ಹೊಡೆಯಿರಿ. ಪೆಟ್ಟಿಗೆಯ ಪುಟ ತೆರೆದರೆ ಮೊಬೈಲಿನಿಂದ ಪೆಟ್ಟಿಗೆಯವರೆಗಿನ ದಾರಿ ಸರಿಯಿದೆ, ದೋಷ ಅದರ ಆಚೆಗಿದೆ. ಪುಟವೂ ತೆರೆಯದಿದ್ದರೆ ಪೆಟ್ಟಿಗೆಯೇ ನಿಂತಿದೆ.

ಎರಡನೆಯ ಹೆಜ್ಜೆ: ವಹಿ ಇಡಿರಿ

ಒಂದು ವಾರ, ಪೆಟ್ಟಿಗೆ ನಿಂತಾಗಲೆಲ್ಲ ನಾಲ್ಕು ಸಂಗತಿ ಬರೆಯಿರಿ: ದಿನ, ಹೊತ್ತು, ದೀಪಗಳ ಸ್ಥಿತಿ, ಆ ಹೊತ್ತಿನಲ್ಲಿ ಸುತ್ತಮುತ್ತ ನಡೆದದ್ದು. ಮಾದರಿಗೆ ಇಂಥದೊಂದು ವಹಿ ನೋಡಿರಿ:

ಸೋಮವಾರ, ಮುಂಜಾನೆ 7-10. ಎಲ್ಲ ದೀಪ ಆರಿ ಹತ್ತಿದವು. ಬಗಲಿನ ಹಿಟ್ಟಿನ ಗಿರಣಿ ಚಾಲೂ ಆಯಿತು.
ಮಂಗಳವಾರ, ಮಧ್ಯಾಹ್ನ 2-30. ದೀಪ ಸರಿ. ಪುಟ ತೆರೆಯಲಿಲ್ಲ. ಪೆಟ್ಟಿಗೆ ಕೈಗೆ ಸುಡುತ್ತಿತ್ತು.
ಬುಧವಾರ, ಮುಂಜಾನೆ 7-05. ಎಲ್ಲ ದೀಪ ಆರಿ ಹತ್ತಿದವು. ಗಿರಣಿ ಚಾಲೂ ಆಯಿತು.
ಗುರುವಾರ, ಮಧ್ಯಾಹ್ನ 3-00. ಮಂಗಳವಾರದಂತೆಯೇ.
ಶುಕ್ರವಾರ, ಸಂಜೆ 5-40. ಎಲ್.ಓ.ಎಸ್. ಕೆಂಪು. ಕಣಿಕೆ ಹೇರಿದ ಟ್ರಾಲಿ ಓಣಿಯಲ್ಲಿ ಹೋಯಿತು.

ವಹಿ ಇಲ್ಲದಿದ್ದರೆ ಈ ಮನೆಯವರು "ವಾರದಾಗ ಐದ ಸಲ ನಿಂತೈತಿ" ಎಂದಷ್ಟೇ ಹೇಳುತ್ತಿದ್ದರು. ವಹಿ ಇರುವದರಿಂದ ಒಂದೇ ಮನೆಯಲ್ಲಿ ಮೂರು ಬೇನೆಗಳಿವೆ ಎಂದು ಕಾಣುವದು: ಮುಂಜಾನೆ ಕರೆಂಟಿನದು, ಮಧ್ಯಾಹ್ನ ಬಿಸಿಯದು, ಸಂಜೆ ತಂತಿಯದು. ಹೊಸ ಪೆಟ್ಟಿಗೆ ಕೊಂಡರೂ ಮೂರನೆಯ ಬೇನೆ ಹಾಗೆಯೇ ಉಳಿಯುತ್ತಿತ್ತು.

ಹೊತ್ತು ಗುರುತಿಸುವದರ ಬೆಲೆ ಎಷ್ಟೆಂಬದಕ್ಕೆ ಪರದೇಶದ ಒಂದು ಉದಾಹರಣೆಯಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಅಬರ್‌ಹೋಸನ್ ಎಂಬ ಚಿಕ್ಕ ಹಳ್ಳಿ. ಅಲ್ಲಿ ಹದಿನೆಂಟು ತಿಂಗಳು ಊರಿನ ಇಂಟರ್‌ನೆಟ್ ಕೆಡುತ್ತಲೇ ಇತ್ತು. ತಂತಿ ಬದಲಿಸಿದರೂ ಗುಣವಾಗಲಿಲ್ಲ. ಕಡೆಗೆ ಎಂಜಿನಿಯರುಗಳು ಬೆಳಗಿನ ಜಾವ ಅಳತೆಯ ಯಂತ್ರ ಹಿಡಿದು ಊರು ಸುತ್ತಿದರು. ಸರಿಯಾಗಿ 7 ಗಂಟೆಗೆ ವಿದ್ಯುತ್ ಗದ್ದಲ ಎದ್ದಿತು. ಅದರ ಜಾಡು ಹಿಡಿದು ಹೋದರೆ ಒಂದು ಮನೆಯ ಹಳೆಯ ಟಿ.ವಿ.! ಆ ಮನೆಯವರು ದಿನಾಲು 7 ಗಂಟೆಗೆ ಅದನ್ನು ಹಚ್ಚುತ್ತಿದ್ದರು. ತಾಮ್ರದ ತಂತಿಯ ಆ ಊರಿನಲ್ಲಿ ಅದರ ಗದ್ದಲ ಎಲ್ಲರ ಇಂಟರ್‌ನೆಟ್ಟನ್ನು ಕೆಡಿಸುತ್ತಿತ್ತು. 2020ರಲ್ಲಿ ಈ ಸುದ್ದಿ ಪ್ರಕಟವಾಯಿತು. ಗಾಜಿನ ಫೈಬರಿಗೆ ಇಂಥ ಗದ್ದಲ ತಾಗುವದಿಲ್ಲ. ಆದರೆ ಹೊತ್ತನ್ನು ಹಿಡಿದರೆ ಕಾರಣ ಸಿಗುವದೆಂಬ ಮಾತು ಎಲ್ಲ ಕಡೆಗೂ ಸಲ್ಲುವದು.

ಮೂರನೆಯ ಹೆಜ್ಜೆ: ಕಾರಣಕ್ಕೆ ತಕ್ಕ ಉಪಾಯ

(1) ಕರೆಂಟು ಮತ್ತು ಅಡಾಪ್ಟರು. ಮೋಟಾರು ಚಾಲೂ ಆಗುವ ಕ್ಷಣದಲ್ಲಿ ತಾನು ನಡೆಯುವಾಗ ಎಳೆಯುವದಕ್ಕಿಂತ ಐದಾರು ಪಟ್ಟು ಹೆಚ್ಚು ಕರೆಂಟು ಎಳೆಯುವದು. ಆಗ ಮನೆಯ ದೀಪ ಒಮ್ಮೆ ಮಂಕಾಗುವದನ್ನು ತಾವು ನೋಡಿದ್ದೀರಿ. ಒಳ್ಳೆಯ ಅಡಾಪ್ಟರು ಆ ಕ್ಷಣವನ್ನು ತಾಳಿಕೊಳ್ಳುವದು. ಆದರೆ ಅದರೊಳಗಿನ ಕೆಪಾಸಿಟರ್ ಎಂಬ ಭಾಗ ಬಿಸಿಗೆ ಸೊರಗುತ್ತ ಹೋಗುವದು. ಬಿಸಿ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುವದೆಂದು ತಂತ್ರಜ್ಞರ ಲೆಕ್ಕ. ಸೊರಗಿದ ಅಡಾಪ್ಟರು ಕಣ್ಣು ಮಿಟುಕಿಸುವಷ್ಟು ಕರೆಂಟು ತಪ್ಪಿದರೂ ಪೆಟ್ಟಿಗೆಯನ್ನು ಬೀಳಿಸುವದು.

ಮೊದಲು ಪ್ಲಗ್ಗು ಸಡಿಲಿದೆಯೋ ನೋಡಿರಿ. ಗೋಡೆಯ ಬೇರೆ ಪ್ಲಗ್ಗಿಗೆ ಹಾಕಿ ನೋಡಿರಿ. ಆಮೇಲೆ ಅಡಾಪ್ಟರು. ಹೊಸದನ್ನು ತರುವಾಗ ಹಳೆಯದರ ಮೇಲೆ ಬರೆದ ಅಂಕೆ ಓದಿರಿ. 12 ವೋಲ್ಟ್ ಇದ್ದರೆ 12 ವೋಲ್ಟಿನದೇ ಬೇಕು. ಹೆಚ್ಚೂ ಕೂಡದು, ಕಡಿಮೆಯೂ ಕೂಡದು. ಆಂಪಿಯರ್ ಮಾತ್ರ ಅಷ್ಟೇ ಇಲ್ಲವೆ ಹೆಚ್ಚು ಇರಬಹುದು. ಪಿನ್ನಿನ ಗಾತ್ರ, ಧನ-ಋಣದ ಗುರುತು ಎರಡೂ ಹೊಂದಬೇಕು. ಕರೆಂಟು ಪದೇ ಪದೇ ಹೋಗುವ ಓಣಿಯಲ್ಲಿ ರೂಟರಿಗೆಂದೇ ಸಿಗುವ ಚಿಕ್ಕ ಬ್ಯಾಟರಿ ಯು.ಪಿ.ಎಸ್. ಹಾಕಿದರೆ ಒಳ್ಳೆಯದು. ಗುಡುಗು ಮಿಂಚಿನ ಲಕ್ಷಣ ಕಂಡೊಡನೆ, ಮಿಂಚು ಹತ್ತಿರ ಬರುವ ಮೊದಲೇ, ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿರಿ.

(2) ಬಿಸಿ ಮತ್ತು ಧೂಳು. ಬಹಳ ಪೆಟ್ಟಿಗೆಗಳು 40 ಡಿಗ್ರಿ ಸೆಲ್ಸಿಯಸ್ ವರೆಗಿನ ಗಾಳಿಯಲ್ಲಿ ನಡೆಯುವಂತೆ ಮಾಡಲ್ಪಟ್ಟಿವೆ. ಬ್ಯಾಸಗಿಯಲ್ಲಿ ತಗಡಿನ ಮನೆಯ ಮೇಲ್ಭಾಗದ ಗಾಳಿ ಇದನ್ನು ಸಹಜವಾಗಿ ದಾಟುವದು. ಆದ್ದರಿಂದ ಪೆಟ್ಟಿಗೆಯನ್ನು ತಗಡಿನ ಹತ್ತಿರ, ಟಿ.ವಿ.ಯ ಹಿಂದೆ, ಬಟ್ಟೆಯ ಕೆಳಗೆ, ಮುಚ್ಚಿದ ಕಪಾಟಿನಲ್ಲಿ ಇಡಕೂಡದು. ಎದೆಯೆತ್ತರದ ಗೂಡಿನ ಹೊರಗೆ, ಸುತ್ತಲೂ ನಾಲ್ಕು ಬೆರಳು ಗಾಳಿ ಆಡುವಂತೆ ಇಡಿರಿ. ರಾಶಿಯ ದಿನಗಳಲ್ಲಿ ಹೊಟ್ಟಿನ ಧೂಳು ಅದರ ರಂಧ್ರಗಳನ್ನು ಮುಚ್ಚುವದು. ತಿಂಗಳಿಗೊಮ್ಮೆ ಕರೆಂಟು ತೆಗೆದು ಒಣ ಕುಂಚದಿಂದ ಝಾಡಿಸಿರಿ. ಒದ್ದೆ ಬಟ್ಟೆ ಮುಟ್ಟಿಸಬೇಡಿರಿ.

(3) ಫೈಬರ್ ತಂತಿ. ಗಾಜಿನ ಎಳೆಯನ್ನು ಚೂಪಾಗಿ ಮಡಚಿದರೆ ಬೆಳಕು ಮಡಿಕೆಯಲ್ಲಿಯೇ ಸೋರಿಹೋಗುವದು. ಸುತ್ತುವದಿದ್ದರೆ ಬಳೆಗಿಂತ ದೊಡ್ಡ ಸುತ್ತು ಇರಲಿ. ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಳ್ಳದಿರಲಿ. ಕಾಳಿನ ಚೀಲಗಳ ಹಿಂದೆ ಹಾಯಿಸಿದರೆ ಇಲಿ ಕಡಿಯುವದು. ಓಣಿಯಲ್ಲಿ ತಂತಿ ಜೋತುಬಿದ್ದಿದ್ದರೆ ಕಣಿಕೆಯ ಟ್ರಾಲಿ ಎಳೆದುಕೊಂಡು ಹೋಗುವದು. ಅದನ್ನು ಎತ್ತರಿಸಿ ಕಟ್ಟುವಂತೆ ಕಂಪನಿಯವರಿಗೆ ಹೇಳಬೇಕು. ಕಂಬ ತಾವೇ ಹತ್ತಕೂಡದು.

ಪೆಟ್ಟಿಗೆಯ ಪುಟದಲ್ಲಿ ಬರುವ ಬೆಳಕಿನ ಅಳತೆ ಇರುವದು. ಸಾಮಾನ್ಯ ಪೆಟ್ಟಿಗೆಗಳಿಗೆ ಅದು −8 ಮತ್ತು −27ರ ನಡುವೆ ಇರಬೇಕು. −20 ಇದ್ದದ್ದು −23 ಆಯಿತೆಂದರೆ ಬೆಳಕು ಅರ್ಧವಾಯಿತೆಂದು ತಿಳಿಯಬೇಕು. −27ರ ಸಮೀಪ ಬಂದರೆ ಸಂಬಂಧ ತಪ್ಪುತ್ತ ಕೂಡುತ್ತ ಇರುವದು. ಈ ಅಂಕೆಯನ್ನೂ ವಹಿಯಲ್ಲಿ ಬರೆಯಿರಿ. ಒಂದು ಎಚ್ಚರಿಕೆ: ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರ ಬೆಳಕು ಕಾಣುವದಿಲ್ಲ, ಆದರೂ ಕಣ್ಣಿಗೆ ಅಪಾಯ.

(4) ಗೋಡೆ, ದೂರ, ನೆರೆಮನೆ. ನಮ್ಮ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆ ಬ್ಯಾಸಗಿಗೆ ತಂಪು. ಆದರೆ ರೇಡಿಯೋ ಅಲೆಗೆ ಅದೇ ಅಡ್ಡಿ. ಮಳೆಗೆ ನೆನೆದ ಗೋಡೆ ಇನ್ನೂ ಹೆಚ್ಚು ನುಂಗುವದು. ತಗಡಿನ ಕಣಜ ಅಲೆಯನ್ನು ಹಿಂದಕ್ಕೆ ತಳ್ಳುವದು. ಪೆಟ್ಟಿಗೆಯನ್ನು ಪಡಸಾಲೆಯ ನಡುವೆ, ಬಾಗಿಲುಗಳು ಕಾಣುವಂತೆ ಇಟ್ಟರೆ ಅರ್ಧ ತೊಂದರೆ ತೀರುವದು. ವೈಫೈಯಲ್ಲಿ ಎರಡು ಅಲೆಗಳು: 2.4 ಎಂಬದು ನಿಧಾನ, ಆದರೆ ಗೋಡೆ ದಾಟುವದು. 5 ಎಂಬದು ಜೋರು, ಆದರೆ ಹತ್ತಿರದಲ್ಲಿ ಮಾತ್ರ. ಒಳಕೋಣೆಯಲ್ಲಿ ಕೂಡುವವರು 2.4 ಆರಿಸಿಕೊಳ್ಳಲಿ. ನೆರೆಯ ಹಲವು ಮನೆಗಳಲ್ಲಿ ಪೆಟ್ಟಿಗೆಗಳಿದ್ದರೆ ಅಲೆಗಳು ಒಂದಕ್ಕೊಂದು ತಾಗುವವು. 2.4ರಲ್ಲಿ 1, 6, 11 ಎಂಬ ಮೂರು ಚಾನೆಲುಗಳು ಒಂದರ ಮೇಲೊಂದು ಬೀಳುವದಿಲ್ಲ. ನೆರೆಯವರು ಮಾತಾಡಿಕೊಂಡು ಹಂಚಿಕೊಂಡರೆ ಎಲ್ಲರಿಗೂ ಅನುಕೂಲ. ಕಾಲುವೆಯ ನೀರಿಗೆ ಪಾಳಿ ಹಚ್ಚುವವರಿಗೆ ಇದು ಕಷ್ಟವಲ್ಲ.

(5) ತುಂಬಿದ ವಹಿ, ಹಳೆಯ ತಂತ್ರಾಂಶ, ಬದಲಿಸದ ಗುಪ್ತಪದ. ದೀಪ ಸರಿ, ಬಿಸಿ ಇಲ್ಲ, ತಂತಿ ಸರಿ, ಆದರೂ ಎರಡು ಮೂರು ದಿನಕ್ಕೊಮ್ಮೆ ತಪ್ಪದೆ ನಿಲ್ಲುವದಾದರೆ ಒಳಗಿನ ತಂತ್ರಾಂಶವನ್ನು ಸಂಶಯಿಸಬೇಕು. ಅದರ ಹೊಸ ಆವೃತ್ತಿ ಹಾಕಿಕೊಡಲು ಕಂಪನಿಯವರನ್ನು ಕೇಳಿರಿ. ಗುಪ್ತಪದ ಊರಿಗೆಲ್ಲ ಗೊತ್ತಿದ್ದರೆ ಇಪ್ಪತ್ತು ಮೊಬೈಲುಗಳು ಜೋತುಬಿದ್ದಿರಬಹುದು, ಅದನ್ನು ಬದಲಿಸಿರಿ.

ಪೆಟ್ಟಿಗೆಯ ಪುಟಕ್ಕೆ ಹೋಗುವ ಗುಪ್ತಪದ ಬೇರೆ. ಕಾರಖಾನೆಯಲ್ಲಿ ಇಟ್ಟದ್ದನ್ನೇ ಬಿಟ್ಟರೆ ದೂರದ ಕಳ್ಳರು ಒಳಬರುವರು. ಇದು ಬರೀ ಹೆದರಿಕೆಯ ಮಾತಲ್ಲ. 2017ರ ಜುಲೈಯಲ್ಲಿ ನಮ್ಮ ಕರ್ನಾಟಕದಲ್ಲಿಯೇ ಬಿ.ಎಸ್.ಎನ್.ಎಲ್. ಗ್ರಾಹಕರ ಸುಮಾರು 60,000 ಮೋಡೆಮ್‌ಗಳು ದುಷ್ಟ ತಂತ್ರಾಂಶದ ದಾಳಿಗೆ ಸಿಕ್ಕು ಕೆಲಸ ನಿಲ್ಲಿಸಿದವು. ದಾಳಿಗೆ ಸಿಕ್ಕಿದವು ಕಾರಖಾನೆಯ ಗುಪ್ತಪದವನ್ನು ಬದಲಿಸದೆ ಬಿಟ್ಟ ಪೆಟ್ಟಿಗೆಗಳು. ಎತ್ತಿನ ಕೊಟ್ಟಿಗೆಗೆ ಕೀಲಿ ಹಾಕುವ ನಾವು ಈ ಬಾಗಿಲನ್ನೂ ಹಾಕಬೇಕು.

ನಾಲ್ಕನೆಯ ಹೆಜ್ಜೆ: ಒಂದು ಸಲಕ್ಕೆ ಒಂದೇ ಬದಲು

ಒಂದೇ ಹೊಲದಲ್ಲಿ ಬೀಜವನ್ನೂ ಗೊಬ್ಬರವನ್ನೂ ಒಮ್ಮೆಗೇ ಬದಲಿಸಿದರೆ, ಬೆಳೆ ಹೆಚ್ಚಿದ್ದು ಯಾವದರಿಂದ ಎಂದು ಹೇಳಲಾಗದು. ಇಲ್ಲಿಯೂ ಹಾಗೆಯೇ. ಮೊದಲು ದುಡ್ಡು ಬೇಡದ ಬದಲು: ಜಾಗ, ಗಾಳಿ, ಪ್ಲಗ್ಗು. ನಾಲ್ಕು ದಿನ ವಹಿ ನೋಡಿರಿ. ಆಮೇಲೆ ಅಡಾಪ್ಟರು. ಮತ್ತೆ ನಾಲ್ಕು ದಿನ. ಹೊಸ ಪೆಟ್ಟಿಗೆ ಕೊಳ್ಳುವದು ಎಲ್ಲಕ್ಕಿಂತ ಕೊನೆಯ ಮಾತು. ರಾತ್ರಿ ತಾನೇ ಬಂದ್ ಆಗಿ ಚಾಲೂ ಆಗುವ ಏರ್ಪಾಡು ಕೆಲವು ಪೆಟ್ಟಿಗೆಗಳಲ್ಲಿದೆ. ಸುಗ್ಗಿಯ ಗಡಿಬಿಡಿಯಲ್ಲಿ ಅದನ್ನು ಬಳಸಬಹುದು, ಆದರೆ ಬೇನೆ ಗುಣವಾಯಿತೆಂದು ತಿಳಿಯಬಾರದು.

ಬಂದ್ ಮಾಡಿ ಚಾಲೂ ಮಾಡುವ ಸರಿಯಾದ ಕ್ರಮ

ದೀಪ ನೋಡಿ ಬರೆದ ಮೇಲೆ ಸ್ವಿಚ್ಚು ತೆಗೆಯಿರಿ. ಅರ್ಧ ನಿಮಿಷ ಕಾಯಿರಿ. ಒಳಗೆ ಉಳಿದ ಕರೆಂಟು ಇಳಿಯಬೇಕು. ಸ್ವಿಚ್ಚು ಹಾಕಿ ಮೂರು ನಿಮಿಷ ಮುಟ್ಟದೆ ಬಿಡಿರಿ. ಹಿಂಬದಿಯ ಸೂಜಿಯ ತೂತಿನಲ್ಲಿರುವ ರೀಸೆಟ್ ಗುಂಡಿಯನ್ನು ಮಾತ್ರ ಒತ್ತಬೇಡಿರಿ. ಅದು ಬಂದ್-ಚಾಲೂ ಮಾಡುವ ಗುಂಡಿಯಲ್ಲ. ಕಂಪನಿಯವರು ತುಂಬಿದ ಹೆಸರು, ಗುಪ್ತಪದ, ಸಂಬಂಧದ ಏರ್ಪಾಡು ಎಲ್ಲವನ್ನೂ ಅದು ಅಳಿಸುವದು. ಆಮೇಲೆ ಅವರ ಮನುಷ್ಯ ಬರುವ ತನಕ ಇಂಟರ್‌ನೆಟ್ ಇಲ್ಲ. ಮಕ್ಕಳಿಗೂ ಇದನ್ನು ತಿಳಿಸಿರಿ.

ದೂರು ಕೊಡುವ ಬಗೆ

"ನೆಟ್ ಬರವಲ್ದು" ಎಂಬ ದೂರಿಗೆ "ಬಂದ್ ಮಾಡಿ ಚಾಲೂ ಮಾಡ್ರಿ" ಎಂಬ ಉತ್ತರವೇ ಬರುವದು. ಅದರ ಬದಲು, "ಈ ವಾರ ಮೂರು ಸಲ ಎಲ್.ಓ.ಎಸ್. ಕೆಂಪಾಗಿದೆ, ಬೆಳಕಿನ ಅಳತೆ −21 ಇದ್ದದ್ದು −26ಕ್ಕೆ ಇಳಿದಿದೆ, ದಿನ ಮತ್ತು ಹೊತ್ತು ಬರೆದಿಟ್ಟಿದ್ದೇವೆ" ಎಂದು ಹೇಳಿರಿ. ಆಗ ತಂತಿ ನೋಡುವ ಮನುಷ್ಯನೇ ಬರಬೇಕಾಗುವದು. ದೂರಿನ ಸಂಖ್ಯೆ ಪಡೆದು ಅದನ್ನೂ ವಹಿಯಲ್ಲಿ ಬರೆಯಿರಿ. ಒಂದೇ ಓಣಿಯ ನಾಲ್ಕು ಮನೆಗಳಲ್ಲಿ ಒಂದೇ ಹೊತ್ತಿಗೆ ನಿಲ್ಲುತ್ತಿದ್ದರೆ ನಾಲ್ವರೂ ಕೂಡಿ ದೂರು ಕೊಡಿರಿ. ಹತ್ತು ಮಂದಿ ಕೂಡಿದರೆ ಕೆಲಸ ಕೈಗೂಡುವದೆಂಬದನ್ನು ಈ ಊರು 1905ರಷ್ಟು ಹಿಂದೆಯೇ ತೋರಿಸಿದೆ.

ಕೊನೆಯದಾಗಿ, ವಿಮೆ ಮುಂತಾದ ಅವಧಿಯ ಕೆಲಸಗಳನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳಬೇಡಿರಿ. ಎಷ್ಟು ಒಳ್ಳೆಯ ಪೆಟ್ಟಿಗೆಯಾದರೂ ಒಂದು ದಿನ ನಿಲ್ಲಬಹುದು.

ಕೂಡಿ ಚರ್ಚಿಸಲು ಪ್ರಶ್ನೆಗಳು

1. ಸ್ವಿಚ್ಚು ತೆಗೆಯುವ ಮುನ್ನ ದೀಪಗಳನ್ನು ಏಕೆ ನೋಡಬೇಕು?
2. ಎಲ್.ಓ.ಎಸ್. ದೀಪ ಕೆಂಪಾದಾಗ ಅಡಾಪ್ಟರು ಬದಲಿಸಿದರೆ ಉಪಯೋಗವೇನು?
3. 12 ವೋಲ್ಟ್, 1 ಆಂಪಿಯರಿನ ಅಡಾಪ್ಟರಿಗೆ ಬದಲು 12 ವೋಲ್ಟ್, 1.5 ಆಂಪಿಯರಿನದು ನಡೆಯುವದೇ? 9 ವೋಲ್ಟಿನದು ನಡೆಯುವದೇ?
4. ತಮ್ಮ ಮನೆಯ ಪೆಟ್ಟಿಗೆ ಈಗ ಎಲ್ಲಿದೆ? ಅಲ್ಲಿ ಗಾಳಿ ಆಡುವದೇ? ನಡುವೆ ಎಷ್ಟು ಗೋಡೆಗಳಿವೆ?
5. ಪೆಟ್ಟಿಗೆಯ ಪುಟದ ಗುಪ್ತಪದವನ್ನು ಬದಲಿಸಿದ್ದೀರಾ?